ಸಹಾಯ ಬೇಕು: ಸ್ಕೋಕಿಯಲ್ಲಿ ಮದುವೆ, ಲೈಸೆನ್ಸ್ ಗೊತ್ತಿರುವ ಪುರೋಹಿತರು

ಎಲ್ಲರಿಗೂ ನಮಸ್ಕಾರ. ಶಿಕಾಗೋ ಪಕ್ಕದ ಸ್ಕೋಕಿಯಲ್ಲಿ ಭಾನುವಾರ ಮುಹೂರ್ತ. ಮದುವೆ ಲೈಸೆನ್ಸ್ (ಮದುವೆಗೆ ಮೊದಲೇ ಪಡೆಯಬೇಕಾದ ಸರ್ಕಾರಿ ಪರವಾನಗಿ) ಕುಕ್ ಕೌಂಟಿಯದು; ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಆ ಕೌಂಟಿ ದಾಟಿದರೆ, ಉದಾಹರಣೆಗೆ ನೇಪರ್‌ವಿಲ್ ಹಾಲ್‌ನಲ್ಲಿ, ಈ ಲೈಸೆನ್ಸ್ ನಡೆಯಲ್ಲ. ಹುಡುಗ ಹುಡುಗಿ ಇಬ್ಬರೂ ಫೋಟೊ ಐಡಿ, 60 ಡಾಲರ್ ಹಿಡಿದು ಒಟ್ಟಿಗೆ ಕೌಂಟಿ ಕ್ಲರ್ಕ್ (ಲೈಸೆನ್ಸ್ ಕೊಡುವ ಅಧಿಕಾರಿ) ಕಚೇರಿಗೆ ಹೋಗಬೇಕು. ಕೊಟ್ಟ ಮರುದಿನದಿಂದ 60 ದಿನ ಚಾಲ್ತಿ, ಹಾಗಾಗಿ ಅದೇ ದಿನ ತಂದು ತಾಳಿ ಕಟ್ಟಿಸೋ ಹಾಗಿಲ್ಲ. ಕಳೆದ ಆರು ತಿಂಗಳೊಳಗೆ ವಿಚ್ಛೇದನ ಆಗಿದ್ದರೆ ಡಿಕ್ರಿಯ ಸರ್ಟಿಫೈಡ್ ಪ್ರತಿಯೂ ಬೇಕು.

ಇಷ್ಟು ಸರಿ. ತೊಡಕಿರೋದು ಧಾರೆ ಮುಗಿದ ಮೇಲೆ: ಪುರೋಹಿತರು ಲೈಸೆನ್ಸ್‌ನಲ್ಲಿ ತಮ್ಮ ಭಾಗ ತುಂಬಿ, ಸಹಿ ಹಾಕಿ, 10 ದಿನದೊಳಗೆ ಕ್ಲರ್ಕ್‌ಗೆ ತಲುಪಿಸಬೇಕು. ತಾಂಬೂಲದ ಚೀಲದಲ್ಲೇ ಉಳಿದರೆ ಮದುವೆ ದಾಖಲಾಗಲ್ಲ, ಸರ್ಟಿಫಿಕೇಟ್ ಸಿಗಲ್ಲ, ವೀಸಾ ಅರ್ಜಿಯೂ ನಿಲ್ಲುತ್ತೆ.

ಇದನ್ನೆಲ್ಲ ಮೊದಲೇ ಮಾಡಿ ರೂಢಿ ಇರುವ, ಕನ್ನಡ ಬಲ್ಲ ಪುರೋಹಿತರು ಗೊತ್ತಿದ್ದರೆ ದಯವಿಟ್ಟು ಮೆಸೇಜ್ ಮಾಡಿ.