ಸಂಜೆ ತೆಗೆದರೆ ಮುಖ ಬಿಳಿ, ಹಿಂದೆ ಕತ್ತಲು – ಇನ್‌ಸ್ಟಂಟ್ ಕ್ಯಾಮೆರಾ ಗೊತ್ತಿರುವವರ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಅಕ್ಕನ ಸೀಮಂತ. ಮನೆ ಮುಂದೆ ಶಾಮಿಯಾನ ಹಾಕಿಸಿ ಸಂಜೆ ಮಾಡುತ್ತಿದ್ದೇವೆ. ಬಂದವರ ಫೋಟೊ ಇನ್‌ಸ್ಟಂಟ್ ಕ್ಯಾಮೆರಾದಲ್ಲಿ (ಕ್ಲಿಕ್ ಮಾಡಿದ ಕೂಡಲೇ ಫೋಟೊ ಹಾಳೆ ಹೊರಬರುವಂಥದ್ದು) ತೆಗೆದು, ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ಅವರ ಕೈಯಲ್ಲೇ ಎರಡು ಮಾತು ಬರೆಸುವ ಆಸೆ. ಮೊಬೈಲ್‌ನಲ್ಲಿ ರಾಶಿ ಫೋಟೊ ಇರುತ್ತವೆ, ಯಾರೂ ತಿರುಗಿ ನೋಡುವುದಿಲ್ಲ, ಅಲ್ವಾ?

ನನ್ನದು ಮಿನಿ ಫಿಲ್ಮ್ ಹಾಕುವ ಕ್ಯಾಮೆರಾ, 62×46 ಮಿ.ಮೀ. ಚಿತ್ರ ಬರುತ್ತದೆ. ಹಗಲಲ್ಲಿ ಅಂಗಳದಲ್ಲಿ ತೆಗೆದರೆ ಚೆನ್ನಾಗಿಯೇ ಇರುತ್ತದೆ. ಸಂಜೆ ಮಾತ್ರ ತೊಂದರೆ. ಹತ್ತಿರ ನಿಂತರೆ ಮುಖ ಸುಣ್ಣ ಬಳಿದ ಹಾಗೆ ಬಿಳಿ. ದೂರ ಸರಿದರೆ ಪೂರ್ತಿ ಕತ್ತಲು. ಹಿಂದಿನ ಹೂವಿನ ಅಲಂಕಾರವಂತೂ ಕಾಣುವುದೇ ಇಲ್ಲ.

ಹೊಸ ಬ್ಯಾಟರಿ ಹಾಕಿದೆ. ಫಿಲ್ಮ್ ಅವಧಿ ಮುಗಿದಿಲ್ಲ. ಫೋಟೊ ಹೊರತಳ್ಳುವ ರೋಲರ್ ಒರೆಸಿದೆ. ಫ್ಲ್ಯಾಶ್ ಮೇಲೆ ಟಿಶ್ಯೂ ಅಂಟಿಸಿದಾಗ ಮುಖದ ಬಿಳಿ ಸ್ವಲ್ಪ ಕಡಿಮೆಯಾಯಿತು, ಆದರೆ ಹಿಂದಿನದು ಇನ್ನೂ ಕಪ್ಪಾಯಿತು. ಫೋಟೊ ಹೊರಬಂದ ಕೂಡಲೇ ಹಿಡಿದು ಬೀಸುವ ಚಾಳಿ ನಮ್ಮ ಮಾವನದು, ಅದನ್ನೂ ಬಿಡಿಸಿದ್ದೇವೆ! ಪ್ಯಾಕ್‌ನಲ್ಲಿ ಇರುವುದೇ 10 ಹಾಳೆ. ಸುಮ್ನೆ ಪ್ರಯೋಗ ಮಾಡಿ ಕಳೆಯಲು ಮನಸ್ಸಿಲ್ಲ.

ಫಿಲ್ಮ್ ಐಎಸ್‌ಒ (ಬೆಳಕು ಹಿಡಿಯುವ ಶಕ್ತಿ) 800. ಇದರಲ್ಲಿ ಫ್ಲ್ಯಾಶ್ ಆಫ್ ಮಾಡುವ ಗುಂಡಿ ಇಲ್ಲ, ಶಟರ್ ವೇಗವೂ (ಬೆಳಕು ಒಳಗೆ ಬರಲು ಸಿಗುವ ಸಮಯ) ಬದಲಾಗುವುದಿಲ್ಲ. ನನಗೆ ಗೊತ್ತಾಗದೇ ಇರುವುದು ಇಷ್ಟು: ಶಾಮಿಯಾನದೊಳಗೆ ಎಲ್‌ಇಡಿ ಫೋಕಸ್ ಲೈಟ್ ಜಾಸ್ತಿ ಹಾಕಿಸಿದರೆ ಹಿನ್ನೆಲೆ ಕಾಣುತ್ತದಾ, ಇಲ್ಲ ದುಡ್ಡು ದಂಡವಾ? ಜನರನ್ನು ಅಲಂಕಾರಕ್ಕೆ ಒತ್ತಿಕೊಂಡೇ ನಿಲ್ಲಿಸಬೇಕಾ? ಮುಖ ಬೆಳ್ಳಗಾಗದಂತೆ ಕ್ಯಾಮೆರಾ ಎಷ್ಟು ಅಡಿ ದೂರ ಇರಬೇಕು? ರಾತ್ರಿ ಸಮಾರಂಭದಲ್ಲಿ ಬಳಸಿದವರು ದಯವಿಟ್ಟು ಹೇಳಿ.