ಸರಳಿಲ್ಲದ ರೋಮ್ ಗುಮ್ಮಟ 1900 ವರ್ಷ ಹೆಂಗ ನಿಂತೈತಿ?

ಪ್ರಶ್ನೆ (ಗೌಂಡಿ ಮೇಸ್ತ್ರಿ, ಮುನಿರಾಬಾದ್):
ನಮ್ಮಜ್ಜ ತುಂಗಭದ್ರಾ ಡ್ಯಾಮಿಗೆ ಸುರ್ಕಿ ಗಾರೆ ಕಲಸಿದವ್ರು. ರೋಮಿನ ಪ್ಯಾಂಥಿಯಾನ್ ಗುಮ್ಮಟದ ಅಡ್ಡಳತೆ 43 ಮೀಟರ್, ಒಳಗ ಒಂದು ಸರಳೂ ಇಲ್ಲಂತ. ಇಲ್ಲಿ 30 ವರ್ಷದ ಸ್ಲ್ಯಾಬು ತುಕ್ಕು ಹಿಡಿದು ಉದುರತಾವ. ಅವ್ರು ಏನು ಕಲಸಿದ್ರು? ಬಿಡಿಸಿ ಹೇಳ್ರಿ.

ಉತ್ತರ (ಇತಿಹಾಸ ಉಪನ್ಯಾಸಕಿ, ಗಂಗಾವತಿ):
ಸುಣ್ಣ, ಜ್ವಾಲಾಮುಖಿ ಬೂದಿ ರೀ. ರೋಮಿನ ಹಳೇ ಕಾಲದ ವಾಸ್ತುಶಿಲ್ಪಿ ವಿಟ್ರುವಿಯಸ್ ಅಳತೆನೂ ಬರೆದಿಟ್ಟಾನ: ನೆಲದ ಮ್ಯಾಲಿನ ಕಟ್ಟಡಕ್ಕ ಒಂದು ಪಾಲು ಸುಣ್ಣಕ್ಕ ಮೂರು ಪಾಲು ಬೂದಿ, ಸಮುದ್ರದಾಗಿನ ಕೆಲಸಕ್ಕ ಎರಡು. ಬೂದಿ ಸಿಗದ ಕಡೆ ಹೆಂಚು ಕುಟ್ಟಿ ಹಾಕತಿದ್ರು. ನಿಮ್ಮಜ್ಜಾರ ಸುರ್ಕಿನೂ ಸುಟ್ಟ ಮಣ್ಣಿನ ಪುಡಿನ. ಸುಣ್ಣದ ಕೂಡ ಸೇರಿ ನೀರಿನಾಗೂ ಗಟ್ಟಿ ಆಗೋ ಗುಣ ಎರಡಕ್ಕೂ ಐತಿ. ಅಜ್ಜಾರ ಕೆಲಸ ಸಣ್ಣದಲ್ಲ ರೀ.

ಉತ್ತರ (ಸಿವಿಲ್ ಎಂಜಿನಿಯರ್, ಬಳ್ಳಾರಿ):
ಗಾರೆ ಅಷ್ಟ ಅಲ್ಲ, ಆಕಾರನೂ ಕಾರಣ. ಗುಮ್ಮಟ ಬುಡದಾಗ ಸುಮಾರು 6 ಮೀಟರ್ ದಪ್ಪ, ತುದಿಗೆ ಒಂದು ಮೀಟರ್ ಚಿಲ್ಲರೆ. ಮ್ಯಾಲ ಹೋದಂಗ ಹಗುರ ಪ್ಯೂಮಿಸ್ (ತೂತು ತೂತಿನ ಜ್ವಾಲಾಮುಖಿ) ಕಲ್ಲು. ನಟ್ಟನಡುವ ಸುಮಾರು 9 ಮೀಟರ್ ಕಿಂಡಿ. ಕಬ್ಬಿಣನ ಇಲ್ಲ, ತುಕ್ಕು ಎಲ್ಲಿಂದ? ನಮ್ಮ ಚಪ್ಪಟೆ ಸ್ಲ್ಯಾಬಿಗೆ ಕೆಳಗ ಎಳೆತ ಬೀಳತೈತಿ, ಸರಳು ಬೇಕ ಬೇಕು. ಸರಳು ಕಾಂಕ್ರೀಟಿನ ಒಳಗ ಮುಚ್ಚಿರಾಕ ಕೆಳಗ ಕವರ್ ಬ್ಲಾಕ್ (ಸಣ್ಣ ತುಂಡು) ಇಡೋದು ಮರೀಬ್ಯಾಡ್ರಿ, ಕ್ಯೂರಿಂಗ್ (ನೀರುಣಿಸೋದು) ಕಮ್ಮಿ ಮಾಡಬ್ಯಾಡ್ರಿ.

ಮೇಸ್ತ್ರಿ:
ಹಂಗಾದ್ರ ಹಳೇ ಗುಡಿ ದುರಸ್ತಿಗೆ ಸಿಮೆಂಟ್ ಬಿಟ್ಟು ಸುರ್ಕಿನ ಕಲಸತೀನಿ. ಪುಡಿ ಎಷ್ಟು ಸಣ್ಣಗ ಇರಬೇಕ್ರಿ ಸರ್?