ಓದುಗರ ಸ್ಪಂದನ: ಹೆಜ್ಜೆ ಜಾರುತ್ತದೆಂದು ಕೋರ್ಸ್ ಬಿಡಬೇಕೆ?

ಕಳೆದ ಸಂಚಿಕೆಯ ಪ್ರಶ್ನೆ: ಆನಿಮೇಷನ್ ಪದವಿಯ ಮೊದಲ ವರ್ಷದಲ್ಲಿದ್ದೇನೆ. ಎರಡು ಹೆಜ್ಜೆಯ ನಡಿಗೆಯನ್ನು ಮತ್ತೆ ಮತ್ತೆ ಸುತ್ತಿಸಿ ತೋರಿಸುವ ನನ್ನ ವಾಕ್ ಸೈಕಲ್‌ನಲ್ಲಿ ಪಾತ್ರ ನಡೆಯುವ ಬದಲು ನೆಲದ ಮೇಲೆ ಜಾರುತ್ತದೆ, ಪ್ರತಿ ಸುತ್ತಿನ ಕೊನೆಗೂ ತಡವರಿಸುತ್ತದೆ. ಲೈಫ್ ಡ್ರಾಯಿಂಗ್‌ನಲ್ಲಿ ಎದುರಿಗಿರುವ ಮನುಷ್ಯರನ್ನು ನೋಡಿ ನಾನು ಬರೆದ ಆಳು ವಾಲುತ್ತಾನೆ. ಈ ವಿದ್ಯೆ ನನಗೆ ಒಲಿಯುವುದಿಲ್ಲವೇನೋ. ಡ್ರಾಯಿಂಗ್ ಅಷ್ಟಾಗಿ ಬೇಕಿಲ್ಲದ ಆರ್ಟ್ ಥೆರಪಿಗೆ (ಕಲೆಯ ಮೂಲಕ ಮನಸ್ಸಿಗೆ ಚಿಕಿತ್ಸೆ) ಹೋಗಿಬಿಡಲೇ?

ಜಾರುವುದಕ್ಕೆ ಕಾರಣ ಕೈಗುಣವಲ್ಲ, ಲೆಕ್ಕ. ಪಾತ್ರ ನಿಂತಲ್ಲೇ ನಡೆಯುವ ಸೈಕಲ್‌ನಲ್ಲಿ ನೆಲ ಮುಟ್ಟಿದ ಪಾದ ಪ್ರತಿ ಫ್ರೇಮ್‌ನಲ್ಲೂ ಒಂದೇ ಅಳತೆಯಷ್ಟು ಹಿಂದಕ್ಕೆ ಸರಿಯಬೇಕು. ಸೆಕೆಂಡಿಗೆ 24 ಫ್ರೇಮ್, ಹೆಜ್ಜೆಗೆ 12 ಎಂದಿಟ್ಟುಕೊಳ್ಳಿ. ಹೆಜ್ಜೆಯ ಉದ್ದ 240 ಪಿಕ್ಸೆಲ್ ಆದರೆ ಪಾದ ಫ್ರೇಮ್‌ಗೆ 20 ಪಿಕ್ಸೆಲ್ ಹಿಂದೆ ಹೋಗಬೇಕು. ಹಿನ್ನೆಲೆಯೂ ಅದೇ ವೇಗದಲ್ಲಿ, ಅದೇ ದಿಕ್ಕಿಗೆ. ನೆಲದ ಗೆರೆಯ ಮೇಲೆ 20 ಪಿಕ್ಸೆಲ್‌ಗೊಂದು ಗುರುತು ಹಾಕಿ, ಹೆಬ್ಬೆರಳಿನ ಬುಡ ಆ ಗುರುತುಗಳ ಮೇಲೇ ಕೂರುವಂತೆ ಬರೆಯಿರಿ. ಹಿಮ್ಮಡಿಯಿಂದ ಅಳೆಯಬೇಡಿ. ಅದು ಮೊದಲು ತಾಗಿ, ಬೆರಳಿಗಿಂತ ಮೊದಲೇ ಏಳುತ್ತದೆ, ಅಳತೆ ತಪ್ಪುತ್ತದೆ.

ಇನ್ನೊಂದು ಕಾರಣ ಎಷ್ಟೋ ಜನರ ಕಣ್ಣಿಗೆ ಬೀಳುವುದೇ ಇಲ್ಲ. ಒಂದೊಂದು ಚಿತ್ರವನ್ನೂ ಎರಡು ಫ್ರೇಮ್ ನಿಲ್ಲಿಸಿ, ಅಂದರೆ ಆನ್ ಟೂಸ್, ಮಾಡಿದ್ದೀರಾ? ಹಾಗಿದ್ದರೆ ಪಾದ ಎರಡು ಫ್ರೇಮ್ ಕದಲದೆ ನಿಂತಿರುತ್ತದೆ, ಹಿನ್ನೆಲೆ ಮಾತ್ರ ಫ್ರೇಮ್ ಫ್ರೇಮ್‌ಗೂ ಓಡುತ್ತದೆ. ಚಿತ್ರಗಳು ಎಷ್ಟೇ ಸೊಗಸಾಗಿದ್ದರೂ ಕಾಲು ನಡುಗುತ್ತ ಜಾರುತ್ತದೆ. ಹಿನ್ನೆಲೆಯನ್ನೂ ಎರಡೆರಡು ಫ್ರೇಮ್‌ಗೆ ಸರಿಸಿದರೆ ಇಡೀ ದೃಶ್ಯವೇ ಕುಲುಕುತ್ತದೆ. ಹಾಗಾಗಿ ಹಿನ್ನೆಲೆ ಸರಿಯುವ ಶಾಟ್‌ನಲ್ಲಿ ನಡಿಗೆಯನ್ನು ಫ್ರೇಮ್‌ಗೊಂದು ಚಿತ್ರದಂತೆ ಬರೆಯಿರಿ. ಕೆಲಸ ಇಮ್ಮಡಿಯಾಗುತ್ತದೆ, ನಿಜ.

ಪೋಸ್‌ಗಳನ್ನೂ ಒಮ್ಮೆ ನೋಡಿಕೊಳ್ಳಿ: 1ನೆಯ ಫ್ರೇಮ್‌ನಲ್ಲಿ ಕಾಂಟ್ಯಾಕ್ಟ್ (ಮುಂದಿನ ಪಾದ ನೆಲ ಮುಟ್ಟುವುದು), 4ರಲ್ಲಿ ಡೌನ್ (ಮೈ ತಗ್ಗುವುದು), 7ರಲ್ಲಿ ಪಾಸಿಂಗ್ (ಒಂದು ಕಾಲು ಇನ್ನೊಂದನ್ನು ದಾಟುವುದು), 10ರಲ್ಲಿ ಅಪ್ (ಮೈ ಏರುವುದು), 13ರಲ್ಲಿ ಇನ್ನೊಂದು ಕಾಲಿನ ಕಾಂಟ್ಯಾಕ್ಟ್. ತಲೆ 4ರಲ್ಲಿ ಎಲ್ಲಕ್ಕಿಂತ ಕೆಳಗೆ, 10ರಲ್ಲಿ ಎಲ್ಲಕ್ಕಿಂತ ಮೇಲೆ ಇರಬೇಕು. ಕಾಂಟ್ಯಾಕ್ಟ್‌ನಲ್ಲೇ ತಲೆ ತಗ್ಗಿಸಿಬಿಟ್ಟರೆ ಮೈಭಾರ ಕಾಲಿಗಿಳಿಯುವುದು ಕಾಣದೆ ಪಾತ್ರ ತೇಲುತ್ತದೆ. ಸುತ್ತಿನ ಕೊನೆಯ ತಡವರಿಕೆಗೆ ಮದ್ದು ಸುಲಭ. 25ನೆಯ ಫ್ರೇಮ್ 1ರ ನಕಲು. ಎರಡೂ ಉಳಿದರೆ ಒಂದೇ ಚಿತ್ರ ಎರಡು ಸಲ ಬರುತ್ತದೆ. ಇನ್‌ಬಿಟ್ವೀನ್ (ಪೋಸ್‌ಗಳ ನಡುವಿನ ಚಿತ್ರ) ಬರೆಯಲು 25 ಇರಲಿ, ಪ್ಲೇಬ್ಯಾಕ್ 24ಕ್ಕೆ ಮುಗಿಯಲಿ.
– ಆನಿಮೇಷನ್ ಬೋಧಕರು

ನಿಮ್ಮದು ರಿಗ್ ಮಾಡಿದ, ಅಂದರೆ ಒಳಗೆ ಆಡಿಸಬಲ್ಲ ಮೂಳೆಕಟ್ಟು ಕೊಟ್ಟ, 3ಡಿ ಪಾತ್ರವಾದರೆ ಚಲನೆಯನ್ನು ಗೆರೆಗಳಾಗಿ ತೋರಿಸುವ ಗ್ರಾಫ್ ಎಡಿಟರ್ ತೆರೆಯಿರಿ. ಸಾಮಾನ್ಯವಾಗಿ ಸಾಫ್ಟ್‌ವೇರ್ ತಾನಾಗಿಯೇ ಕೀಗಳ (ನೀವು ಗುರುತಿಸಿಟ್ಟ ಪೋಸ್‌ಗಳ) ನಡುವೆ ಬಾಗಿದ ಕರ್ವ್ ಹಾಕಿರುತ್ತದೆ. ಪಾದ ನಿಧಾನವಾಗಿ ಹೊರಟು, ನಡುವೆ ವೇಗ ಪಡೆದು, ಮತ್ತೆ ನಿಧಾನವಾಗುತ್ತದೆ. ಪಾದ ನೆಲದ ಮೇಲಿರುವಷ್ಟು ಹೊತ್ತು ಅದರ ಹಿಂದು-ಮುಂದಿನ ಕರ್ವ್ ಲೀನಿಯರ್ (ನೇರ ಗೆರೆ) ಇರಲಿ. ಮಂಡಿ ಫಕ್ಕನೆ ಸೆಟೆಯುತ್ತಿದ್ದರೆ ಸೊಂಟ ತೀರ ಎತ್ತರದಲ್ಲಿದ್ದು ಐಕೆ ಕಾಲು (ಪಾದ ಸರಿಸಿದರೆ ಮಂಡಿ ತಾನೇ ಮಡಿಯುವ ಕಾಲು) ಪೂರ್ತಿ ಚಾಚಿಕೊಳ್ಳುತ್ತಿದೆ ಎಂದರ್ಥ. ಸೊಂಟವನ್ನು ತುಸು ಇಳಿಸಿ.
– 3ಡಿ ಆನಿಮೇಟರ್

ತಂಗಿ, ತಲೆಯಿಂದ ಶುರುಮಾಡಿ ಹೊರಗೆರೆ ಹಿಡಿದು ಕೆಳಗಿಳಿಯುತ್ತಿದ್ದೀಯ ಎನಿಸುತ್ತದೆ. ಪಾದಕ್ಕೆ ಬರುವಷ್ಟರಲ್ಲಿ ಕಾಗದ ಮುಗಿದು ಕಾಲು ಮೊಟಕಾಗುತ್ತದೆ, ಆಳು ವಾಲುತ್ತಾನೆ. ಮೊದಲು ನೆತ್ತಿಗೊಂದು, ಅಂಗಾಲಿಗೊಂದು ಗುರುತು ಹಾಕು. ನೇರ ನಿಂತ ವಯಸ್ಕರಲ್ಲಿ ಇವೆರಡರ ನಟ್ಟನಡು ತೊಡೆಸಂದಿನ ಬಳಿ ಬರುತ್ತದೆ. ಬಳಿಕ ಪೆನ್ಸಿಲನ್ನು ನೆಟ್ಟಗೆ ಇಳಿಬಿಟ್ಟು ಹಿಡಿದು, ಕತ್ತಿನ ಕುಳಿಯಿಂದ ನೇರ ಕೆಳಕ್ಕೆ ನೋಡು. ಒಂದೇ ಕಾಲಿಗೆ ಭಾರ ಕೊಟ್ಟು ನಿಂತವರಲ್ಲಿ ಆ ಗೆರೆ ಭಾರ ಹೊತ್ತ ಪಾದದ ಬಳಿಯೇ ಬೀಳುತ್ತದೆ. ಆ ಕಡೆಯ ಸೊಂಟ ಎದ್ದಿರುತ್ತದೆ, ಸಾಮಾನ್ಯವಾಗಿ ಅದೇ ಕಡೆಯ ಭುಜ ಇಳಿದಿರುತ್ತದೆ. ಈ ಗೆರೆಗಳನ್ನು ಹಾಕಿದ ಮೇಲೆಯೇ ಮೈಕಟ್ಟು. ನಿನ್ನ ಪಾಸಿಂಗ್ ಪೋಸ್‌ಗೆ ಬೇಕಾದದ್ದೂ ಸೊಂಟದ ಇದೇ ಓರೆ.

ಅಭ್ಯಾಸಕ್ಕೆ ಎ3 ನ್ಯೂಸ್‌ಪ್ರಿಂಟ್ ಕಾಗದ, ವಿಲೋ ಚಾರ್ಕೋಲ್ (ವಿಲೋ ಕಡ್ಡಿಯ ಇದ್ದಿಲು) ಸಾಕು. ಪುಡಿ ಅದುಮಿ ಮಾಡಿದ ಕಂಪ್ರೆಸ್ಡ್ ಚಾರ್ಕೋಲ್ ಈಗ ಬೇಡ. ವಿಲೋ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಕಂಪ್ರೆಸ್ಡ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. 30 ಸೆಕೆಂಡಿನ 10 ಸ್ಕೆಚ್, 1 ನಿಮಿಷದ 10, 2 ನಿಮಿಷದ 5, ಕೊನೆಗೆ 20 ನಿಮಿಷದ್ದೊಂದು: ಒಟ್ಟು ಮುಕ್ಕಾಲು ಗಂಟೆ. ಮಣಿಕಟ್ಟಿನಿಂದಲ್ಲ, ಭುಜದಿಂದ ಕೈ ಆಡಲಿ.
– ಲೈಫ್ ಡ್ರಾಯಿಂಗ್ ಕಲಿಸುವವರು

ಆರ್ಟ್ ಥೆರಪಿಗೆ ಡ್ರಾಯಿಂಗ್ ಬೇಕಿಲ್ಲ ಎಂಬ ನಿಮ್ಮ ಎಣಿಕೆಯನ್ನು ದಯವಿಟ್ಟು ಬಿಡಿ. 1942ರಲ್ಲಿ ಈ ಹೆಸರನ್ನು ಬಳಕೆಗೆ ತಂದ ಏಡ್ರಿಯನ್ ಹಿಲ್ ಸ್ವತಃ ಚಿತ್ರಕಾರರು. ಸ್ಟುಡಿಯೋ ಕಲೆಯ ಜೊತೆಗೆ ಮನಶ್ಶಾಸ್ತ್ರ, ಅದರ ಮೇಲೆ ಮೇಲ್ವಿಚಾರಣೆಯಲ್ಲಿ ಮಾಡುವ ಪ್ರಾಯೋಗಿಕ ಕೆಲಸ ಇವೆಲ್ಲ ಸೇರಿದ ಓದು ಇದು. ಅಮೆರಿಕದಲ್ಲಿ ವೃತ್ತಿಗೆ ಬರಲು ಸ್ನಾತಕೋತ್ತರ ಪದವಿಯೇ ಬೇಕು. ಬ್ರಿಟನ್‌ನಲ್ಲಿ ನೋಂದಣಿ ಇಲ್ಲದವರು ಆರ್ಟ್ ಥೆರಪಿಸ್ಟ್ ಎಂದು ಹೇಳಿಕೊಳ್ಳುವಂತಿಲ್ಲ.

ಸಾಮಗ್ರಿ ಹೇಗೆ ವರ್ತಿಸುತ್ತದೆ ಎಂದು ಥೆರಪಿಸ್ಟ್‌ನ ಕೈಗೇ ಗೊತ್ತಿರಬೇಕು. ಪೆನ್ಸಿಲ್, ಕೊಲಾಜ್ (ಚಿತ್ರ ಕತ್ತರಿಸಿ ಅಂಟಿಸುವುದು) ಹಿಡಿತಕ್ಕೆ ಸಿಗುತ್ತವೆ. ಜಲವರ್ಣ, ಫಿಂಗರ್ ಪೇಂಟ್, ನೀರು ಹೆಚ್ಚಾದ ಜೇಡಿಮಣ್ಣು ಹಿಡಿತ ತಪ್ಪಿ ಹರಡುತ್ತವೆ, ಅದುಮಿಟ್ಟ ಭಾವನೆಯನ್ನೂ ಬೇಗ ಕೆದಕುತ್ತವೆ. ಮನಸ್ಸು ಕದಡಿ ಬಂದವರ ಮುಂದೆ ಮೊದಲ ದಿನವೇ ಒದ್ದೆ ಬಣ್ಣ ಇಟ್ಟರೆ ಸಂಕಟ ಹೆಚ್ಚಬಹುದು. ಆಯಿಲ್ ಪೇಸ್ಟಲ್, ಕತ್ತರಿಸಿಟ್ಟ ಪತ್ರಿಕೆಯ ಚಿತ್ರಗಳಿಂದ ಶುರುಮಾಡುವುದು ಸುರಕ್ಷಿತ. ಕಪ್ಪು ಬಳಿದರೆ ದುಃಖ, ಕೆಂಪು ಬಳಿದರೆ ಸಿಟ್ಟು ಎಂದು ಓದುವುದು ಥೆರಪಿಯಲ್ಲ, ಬರೆದವರನ್ನೇ ಕೇಳಬೇಕು.

ನಿಮಗೆ ನಿಜವಾಗಿ ಆಸಕ್ತಿಯಿದ್ದರೆ ಈ ಪದವಿ ಮುಗಿಸಿಯೇ ಹೋಗಬಹುದು. ನಡುವೆ ಮನಶ್ಶಾಸ್ತ್ರದ ಐಚ್ಛಿಕ ಪತ್ರಿಕೆಗಳನ್ನು ತೆಗೆದುಕೊಳ್ಳಿ. ಅನೇಕ ಕಡೆ ಪ್ರವೇಶಕ್ಕೆ ಪೋರ್ಟ್‌ಫೋಲಿಯೊ ಕೇಳುತ್ತಾರೆ. ಅದರಲ್ಲಿ ನಿಮ್ಮ ಕೆಲಸ ಮಾತ್ರ ಇರಲಿ. ಸ್ವಯಂಸೇವೆಗೆ ಹೋದ ಕಡೆ ಮಕ್ಕಳೋ ರೋಗಿಗಳೋ ಬರೆದ ಚಿತ್ರದ ಫೋಟೊ ಸೇರಿಸಬೇಡಿ. ಅದು ಅವರ ಗುಟ್ಟು.
– ಆರ್ಟ್ ಥೆರಪಿಸ್ಟ್